ಜೋಯೆಲ್ ಬಾರ್ಲೋ: ಜಮೀನು ಮಾರಿದವನೂ ಸೆರೆ ಬಿಡಿಸಿದವನೂ ಒಬ್ಬನೇ

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ವಿದ್ಯಾರ್ಥಿನಿ. ಅಮೆರಿಕದ ಆರಂಭ ಕಾಲದ ಸಾಹಿತ್ಯ ಓದುವಾಗ ಜೋಯೆಲ್ ಬಾರ್ಲೋ ಎಂಬ ಕವಿ, ರಾಜತಾಂತ್ರಿಕನ ಹೆಸರು ಎದುರಾಯಿತು. ಒಂದು ಕಡೆ ಅವನು ತನ್ನದಲ್ಲದ ಜಮೀನನ್ನು ಫ್ರೆಂಚರಿಗೆ ಮಾರಿದ ಕಂಪನಿಯ ಏಜೆಂಟ್ ಎಂದಿದೆ. ಇನ್ನೊಂದು ಕಡೆ ಅಲ್ಜೀರ್ಸ್‌ನಲ್ಲಿ ಸೆರೆಯಾಗಿದ್ದ ನಾವಿಕರನ್ನು ಬಿಡಿಸಿದ ಧೀರ ಎಂದಿದೆ. ಅಮೆರಿಕ ಕ್ರೈಸ್ತ ಧರ್ಮದ ಮೇಲೆ ನಿಂತ ದೇಶವಲ್ಲ ಎಂದು ಒಪ್ಪಂದದಲ್ಲಿ ಬರೆದವನು ಅವನೇ ಎನ್ನುತ್ತಾರೆ. ಕೊನೆಗೆ ಪೋಲೆಂಡಿನ ಹಳ್ಳಿಯೊಂದರಲ್ಲಿ ಸತ್ತನಂತೆ. ಇದೆಲ್ಲ ಒಬ್ಬನೇ ಮನುಷ್ಯನ ಕಥೆಯೇ? ಅವನ ಕವಿತೆಗಳನ್ನು ಈಗ ಓದಬೇಕೇ?

ಉತ್ತರ:

ಒಬ್ಬನದೇ ಕಥೆ. ನೀವು ಓದಿದ ಎರಡೂ ಮಾತು ನಿಜ. ನೂರಾರು ಕುಟುಂಬಗಳ ಹಣ ನುಂಗಿದ ಜಮೀನು ವ್ಯವಹಾರವನ್ನು ಪ್ಯಾರಿಸ್ಸಿನಲ್ಲಿ ಕುಳಿತು ನಡೆಸಿದವನು ಬಾರ್ಲೋ. ಆರೇಳು ವರ್ಷಗಳ ನಂತರ ಪ್ಲೇಗ್ ಹಬ್ಬಿದ ಊರನ್ನು ಬಿಟ್ಟು ಓಡದೆ, ಪರಿಚಯವೇ ಇಲ್ಲದ ನಾವಿಕರ ಬಿಡುಗಡೆಗಾಗಿ ಕಾದು ಕುಳಿತವನೂ ಅವನೇ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಿದರೆ ಆ ಮನುಷ್ಯ ನಮಗೆ ಸಿಗುವುದಿಲ್ಲ.

ಅಮೆರಿಕನ್ ಸಾಹಿತ್ಯವನ್ನು ಬಹಳ ವರ್ಷ ಪಾಠ ಮಾಡಿದವನು ನಾನು. ಪಠ್ಯಪುಸ್ತಕಗಳು ಬಾರ್ಲೋನನ್ನು 'ಸೋತ ಮಹಾಕವಿ' ಎಂದು ಎರಡು ಸಾಲಿನಲ್ಲಿ ಮುಗಿಸಿಬಿಡುವುದನ್ನು ನೋಡಿ ನನಗೆ ಪ್ರತಿ ಸಲವೂ ನೋವಾಗಿದೆ. ಸೋತದ್ದು ಅವನ ಮಹಾಕಾವ್ಯ, ಅವನಲ್ಲ. ದೊಡ್ಡ ಕವಿಯಾಗಬೇಕೆಂದು ಹಟ ಹಿಡಿದು ಬರೆದದ್ದು ಹೆಚ್ಚಿನದು ಒಣಗಿಹೋಯಿತು. ಯಾವುದೋ ಕೆಲಸದ ಮೇಲೆ ಪರದೇಶಕ್ಕೆ ಹೋದಾಗ, ಮನೆ ನೆನಪಾಗಿಯೋ ಮನಸ್ಸು ಕಲಕಿಯೋ ಬರೆದದ್ದು ಇಂದಿಗೂ ಹಸಿಯಾಗಿದೆ. ಆದ್ದರಿಂದ ಅವನ ಬದುಕು ಗೊತ್ತಿಲ್ಲದೆ ಅವನ ಕವಿತೆ ಓದಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಬಾಲ್ಯದ ವಿಷಯ ಚಿಕ್ಕದು. 1754ರ ಮಾರ್ಚ್ 24ರಂದು ಕನೆಕ್ಟಿಕಟ್‌ನ ರೆಡ್ಡಿಂಗ್ ಎಂಬ ಊರಿನಲ್ಲಿ ರೈತನ ಮಗನಾಗಿ ಹುಟ್ಟಿದ. ಯೇಲ್ ಕಾಲೇಜಿನಲ್ಲಿ ಓದಿ 1778ರಲ್ಲಿ ಪದವಿ ಪಡೆದ. ಮುಂದೆ ಅಮೆರಿಕದ ಇಂಗ್ಲಿಷಿಗೆ ನಿಘಂಟು ಕಟ್ಟಿಕೊಟ್ಟ ನೋಹ್ ವೆಬ್‌ಸ್ಟರ್ ಅವನ ಸಹಪಾಠಿ. ಸ್ವಾತಂತ್ರ್ಯ ಯುದ್ಧ ನಡೆಯುತ್ತಿತ್ತು. ಕೆಲವೇ ವಾರ ಧರ್ಮಶಾಸ್ತ್ರ ಓದಿ, ಮ್ಯಾಸಚೂಸೆಟ್ಸ್ ಪಡೆಯೊಂದಕ್ಕೆ ಪಾದ್ರಿಯಾಗಿ ಸೇರಿಕೊಂಡ. ವಾರಕ್ಕೊಂದು ಪ್ರವಚನ ಹೇಳಿ ಮುಗಿಸಿದರೆ ಉಳಿದ ಹೊತ್ತು ಕಾವ್ಯ ಬರೆಯಬಹುದು ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. 1781ರಲ್ಲಿ ರೂತ್ ಬಾಲ್ಡ್‌ವಿನ್‌ಳನ್ನು ಆಕೆಯ ತಂದೆಗೆ ತಿಳಿಯದ ಹಾಗೆ ಮದುವೆಯಾದ. ಈ ರೂತ್‌ಳನ್ನು ನೆನಪಿನಲ್ಲಿಡಿ. ಬಾರ್ಲೋನ ಮನಸ್ಸಿನ ಒಳಗು ನಮಗೆ ಗೊತ್ತಾಗುವುದೇ ಅವನು ಊರೂರುಗಳಿಂದ ಆಕೆಗೆ ಬರೆದ ಪತ್ರಗಳಿಂದ.

ಯುದ್ಧ ಮುಗಿದ ಮೇಲೆ ಹಾರ್ಟ್‌ಫರ್ಡ್‌ನಲ್ಲಿ ನೆಲೆಸಿ, ಒಂದು ವಾರಪತ್ರಿಕೆ ಶುರು ಮಾಡಿದ, ವಕೀಲನಾದ. 1787ರಲ್ಲಿ 'ಕೊಲಂಬಸ್‌ನ ದರ್ಶನ' ಎಂಬ ದೀರ್ಘಕಾವ್ಯ ಅಚ್ಚಾಯಿತು. ಮುದುಕನಾಗಿ ನೊಂದು ಸೆರೆಮನೆಯಲ್ಲಿ ಬಿದ್ದಿರುವ ಕೊಲಂಬಸ್‌ನ ಮುಂದೆ ದೇವದೂತನೊಬ್ಬ ಬಂದು, ಅವನನ್ನು ಬೆಟ್ಟದ ಮೇಲೆ ನಿಲ್ಲಿಸಿ, ಅಮೆರಿಕ ಖಂಡಗಳ ಭೂತ ಭವಿಷ್ಯವನ್ನೆಲ್ಲ ತೋರಿಸುವುದು ಅದರ ಕಥೆ. ಹೊಸ ದೇಶಕ್ಕೆ ಒಂದು ಮಹಾಕಾವ್ಯ ಬೇಕು ಎಂಬ ಹಸಿವು ಎಲ್ಲರಲ್ಲೂ ಇದ್ದ ಕಾಲ ಅದು. ಜಾರ್ಜ್ ವಾಷಿಂಗ್ಟನ್ 20 ಪ್ರತಿಗಳಿಗೆ ಮುಂಗಡ ಹೆಸರು ಬರೆಸಿದ. ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ 25 ಪ್ರತಿ ಕೊಂಡ. ಕಾವ್ಯ ಅರ್ಪಣೆಯಾದದ್ದೂ ಆ ದೊರೆಗೇ. ಈ ಅರ್ಪಣೆಯ ವಿಷಯವನ್ನು ಮುಂದೆ ಮತ್ತೆ ಹೇಳಬೇಕಾಗುತ್ತದೆ.

ಇನ್ನು ಜಮೀನಿನ ವ್ಯವಹಾರ. 1788ರಲ್ಲಿ ಸಯೋಟೋ ಎಂಬ ಕಂಪನಿಯ ಏಜೆಂಟನಾಗಿ ಬಾರ್ಲೋ ಫ್ರಾನ್ಸಿಗೆ ಹೊರಟ. (ಅದೇ ಬೇಸಿಗೆಯಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳೂ ಪ್ಯಾರಿಸ್ಸಿಗೆ ಬಂದಿಳಿದಿದ್ದರು. ಆಗಸ್ಟ್‌ನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಅವರನ್ನು ಬರಮಾಡಿಕೊಂಡವನು, ಬಾರ್ಲೋ ತನ್ನ ಕಾವ್ಯವನ್ನು ಅರ್ಪಿಸಿದ್ದ ಅದೇ ಲೂಯಿ.) ಓಹಾಯೋ ನದಿಯ ದಡದ ಲಕ್ಷಾಂತರ ಎಕರೆ ಕಾಡನ್ನು ಫ್ರೆಂಚರಿಗೆ ಮಾರುವುದು ಕೆಲಸ. ಇಲ್ಲೊಂದು ಸೂಕ್ಷ್ಮವಿದೆ. ಆ ಭೂಮಿ ಕಂಪನಿಯ ಸ್ವತ್ತಾಗಿರಲಿಲ್ಲ. ಮುಂದೆ ಹಣ ಕಟ್ಟಿದರೆ ಸರ್ಕಾರದಿಂದ ಕೊಳ್ಳಬಹುದು ಎಂಬ ಹಕ್ಕು ಮಾತ್ರ ಅದರ ಕೈಯಲ್ಲಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಪತ್ರವಿಲ್ಲದ ಭೂಮಿಯನ್ನು ತುಂಡು ಮಾಡಿ ಮಾರಲಾಯಿತು.

ಬಾರ್ಲೋನಿಗೆ ಜೊತೆಯಾದವನು ವಿಲಿಯಂ ಪ್ಲೇಫೇರ್ ಎಂಬ ಬ್ರಿಟಿಷ್ ವ್ಯಕ್ತಿ. ಇಂದು ನಮ್ಮ ಪತ್ರಿಕೆಗಳಲ್ಲಿ ದಿನವೂ ಕಾಣುವ ಸ್ತಂಭನಕ್ಷೆ, ವೃತ್ತನಕ್ಷೆಗಳನ್ನು ರೂಪಿಸಿದವನು ಇದೇ ಪ್ಲೇಫೇರ್! ಅಂಕಿಗಳನ್ನು ಅಷ್ಟು ಚೆಂದವಾಗಿ ತೋರಿಸಬಲ್ಲವನು ಕಾಡನ್ನೂ ಹಾಗೆಯೇ ತೋರಿಸಿದ. 1789ರ ಜುಲೈಯಲ್ಲಿ ಬಾಸ್ಟೀಲ್ ಕೋಟೆ ಬಿದ್ದ ಮೇಲೆ ದೇಶ ಬಿಟ್ಟುಹೋಗಲು ಕಾತರಿಸುತ್ತಿದ್ದವರಿಗೆ ಈ ಕಂಪನಿಯ ಕರಪತ್ರ ಸ್ವರ್ಗದ ಬಾಗಿಲಿನಂತೆ ಕಂಡಿತು. ಐನೂರರಷ್ಟು ಜನ ಹಡಗು ಹತ್ತಿದರು. ಅವರಲ್ಲಿ ಕೊಡಲಿ ಹಿಡಿದು ಗೊತ್ತಿದ್ದವರು ಕಡಿಮೆ. ಕೃತಕ ಕೇಶ ಹೆಣೆಯುವವರು, ಮರಕ್ಕೆ ಚಿನ್ನದ ಲೇಪ ಹಚ್ಚುವವರು, ಕೆತ್ತನೆಯವರು ಇದ್ದರು. 1790ರಲ್ಲಿ ಅವರು ಓಹಾಯೋ ದಡ ತಲುಪಿದಾಗ ಕಂಡದ್ದು ಮರದ ದಿಮ್ಮಿಗಳ ಸಾಲು ಗುಡಿಸಲು ಮತ್ತು ಸುತ್ತ ಕಾಡು. ಅದಕ್ಕೆ ಗ್ಯಾಲಿಪೊಲಿಸ್ ಎಂದು ಹೆಸರಿಟ್ಟುಕೊಂಡರು, ಫ್ರೆಂಚರ ಊರು ಎಂದು ಅರ್ಥ. ಕೈಯಲ್ಲಿದ್ದ ಪತ್ರಗಳಿಗೆ ಬೆಲೆಯಿರಲಿಲ್ಲ. ಕಂಪನಿ ಮುಳುಗಿತು. ನ್ಯೂಯಾರ್ಕ್‌ನಲ್ಲಿ ಅದರ ಸೂತ್ರ ಹಿಡಿದಿದ್ದ ವಿಲಿಯಂ ಡ್ಯೂಯರ್ 1792ರಲ್ಲಿ ಸಾಲದ ಜೈಲು ಸೇರಿದ. 1795ರಲ್ಲಿ ಅಮೆರಿಕದ ಕಾಂಗ್ರೆಸ್ ಈ ವಲಸಿಗರಿಗೆ 24,000 ಎಕರೆ ಕೊಟ್ಟು ಸ್ವಲ್ಪ ಸಮಾಧಾನ ಮಾಡಿತು.

ಬಾರ್ಲೋ ಗೊತ್ತಿದ್ದೇ ಮೋಸ ಮಾಡಿದನೇ? ಹಣ ತಿಂದನೆಂದು ನಾನು ಹೇಳಲಾರೆ. ಕಂಪನಿ ಮುಳುಗಿದಾಗ ಅವನೂ ಬರಿಗೈಯಾಗಿದ್ದ. ಭೂಮಿಯ ಪತ್ರ ಇಂದಲ್ಲ ನಾಳೆ ಬರುತ್ತದೆ ಎಂದು ನಂಬಿದ್ದನೆಂದೇ ತೋರುತ್ತದೆ. ಆದರೆ ನಂಬಿಕೆಯ ಬೆಲೆ ತೆತ್ತವರು ಬೇರೆಯವರು. ಹಣ ಕೊಟ್ಟವರ ಮುಂದೆ 'ಇದು ಇನ್ನೂ ನಮ್ಮದಾಗಿಲ್ಲ' ಎಂಬ ಒಂದು ವಾಕ್ಯವನ್ನು ಸ್ಪಷ್ಟವಾಗಿ ಹೇಳಬೇಕಿತ್ತು. ಅದನ್ನು ಹೇಳಲಿಲ್ಲ. ಈ ಕಳಂಕವನ್ನು ತೊಳೆಯಲು ನಾನು ಹೋಗುವುದಿಲ್ಲ.

ಆ ಪೆಟ್ಟು ತಿಂದ ಮೇಲೆ ಅವನು ಬದಲಾದ. ಹಾರ್ಟ್‌ಫರ್ಡ್‌ನ ಸಂಪ್ರದಾಯವಾದಿ ಗೆಳೆಯರ ಗುಂಪಿನಿಂದ ಬಂದವನು ಫ್ರೆಂಚ್ ಕ್ರಾಂತಿಯ ಪರ ನಿಂತ. 1792ರಲ್ಲಿ ಲಂಡನ್ನಿನಲ್ಲಿ 'ವಿಶೇಷ ಹಕ್ಕಿನ ವರ್ಗಗಳಿಗೆ ಸಲಹೆ' ಎಂಬ ಪುಸ್ತಕ ಬರೆದು, ರಾಜರು, ಶ್ರೀಮಂತರು, ಚರ್ಚು ಇವರ ಕಾಲ ಮುಗಿಯಿತು ಎಂದು ಮುಖಕ್ಕೆ ಹೊಡೆದಂತೆ ಹೇಳಿದ. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ಹತ್ತಿಕ್ಕಿತು, ಅವನು ಅಲ್ಲಿಂದ ಕಾಲ್ತೆಗೆಯಬೇಕಾಯಿತು. ಫ್ರಾನ್ಸ್ ಅವನಿಗೆ ಗೌರವ ಪೌರತ್ವ ಕೊಟ್ಟಿತು. ಮುಂದೆ ಕ್ರಾಂತಿಕಾರಿ ಲೇಖಕ ಥಾಮಸ್ ಪೇನ್‌ನನ್ನು ಪ್ಯಾರಿಸ್ಸಿನಲ್ಲಿ ಬಂಧಿಸಿ ಒಯ್ಯುವಾಗ, ಅವನು ತನ್ನ 'ವಿಚಾರಯುಗ'ದ ಹಸ್ತಪ್ರತಿಯನ್ನು ಕೊಟ್ಟುಹೋದದ್ದು ಬಾರ್ಲೋನ ಕೈಗೇ.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. 1792ರ ಕೊನೆಗೆ ಫ್ರಾನ್ಸ್ ಆಲ್ಪ್ಸ್ ತಪ್ಪಲಿನ ಸವಾಯ್ ಪ್ರಾಂತ್ಯವನ್ನು ಸೇರಿಸಿಕೊಂಡಿತ್ತು. ಅಲ್ಲಿಂದ ಪ್ರತಿನಿಧಿಯಾಗಿ ಆರಿಸಿ ಬರಲು ಬಾರ್ಲೋ ಶಾಂಬೆರಿ ಎಂಬ ಪಟ್ಟಣಕ್ಕೆ ಹೋದ. ಚುನಾವಣೆಯಲ್ಲಿ ಸೋತ. ಆದರೆ 1793ರ ಜನವರಿಯಲ್ಲಿ ಒಂದು ಹೊತ್ತು ಅಲ್ಲಿನ ವಸತಿಗೃಹದಲ್ಲಿ ಊಟಕ್ಕೆ ಕೂತಾಗ ಅವನ ಮುಂದೆ ಬಂದದ್ದು ಮೆಕ್ಕೆಜೋಳದ ಹಿಟ್ಟಿನ ಗಂಜಿ. ಊರಿನಲ್ಲಿ ಹುಡುಗನಾಗಿದ್ದಾಗ ದಿನವೂ ತಿಂದ ಗಂಜಿ! ಐದು ವರ್ಷ ಲಂಡನ್, ಪ್ಯಾರಿಸ್ ಸುತ್ತಿದರೂ ಸಿಗದಿದ್ದದ್ದು ಈ ಬೆಟ್ಟದ ಬುಡದಲ್ಲಿ ಸಿಕ್ಕಿತು. ಅವನು ಕೂತು ಮೂರು ಭಾಗಗಳ ಕವಿತೆ ಬರೆದ. ಹೆಸರು 'ಹೇಸ್ಟಿ ಪುಡಿಂಗ್'. ಬೇಗ ಮಾಡಿಬಿಡಬಹುದಾದ ಗಂಜಿ ಎಂದು ಅರ್ಥ.

ಹೆಸರು ಕೇಳಿ ಸಿಹಿತಿಂಡಿ ಎಂದುಕೊಳ್ಳಬೇಡಿ. ಎಸರು ಕುದಿಯುವಾಗ ಜೋಳದ ಹಿಟ್ಟನ್ನು ಉದುರಿಸಿ, ಗಂಟು ಕಟ್ಟದ ಹಾಗೆ ಕೋಲಿನಿಂದ ತಿರುವಿ, ಗಟ್ಟಿಯಾದ ಮೇಲೆ ಹಾಲು ಅಥವಾ ಕಾಕಂಬಿ ಹಾಕಿ ತಿನ್ನುವ ಬಡವರ ಊಟ ಅದು. ತರಗತಿಯಲ್ಲಿ ಈ ಭಾಗವನ್ನು ಓದಿದಾಗ ಮಂಡ್ಯದ ಕಡೆಯ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಸರ್, ಇದು ಹಿಟ್ಟು ತೊಳಸುವುದಲ್ಲವೇ, ನಮ್ಮ ಅವ್ವ ದಿನವೂ ಮಾಡುತ್ತಾಳೆ" ಎಂದ. ಇಡೀ ಕವಿತೆಗೆ ಅದಕ್ಕಿಂತ ಒಳ್ಳೆಯ ಟಿಪ್ಪಣಿ ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಕವಿತೆಯ ಆರಂಭವೇ ನೋಡಿ. ಆಕಾಶವನ್ನು ಮರೆಮಾಡುವ ಆಲ್ಪ್ಸ್ ಪರ್ವತಗಳೇ, ರಾಜರಿಗೆ ಸಾವನ್ನೂ ಜಗತ್ತಿಗೆ ಸ್ವಾತಂತ್ರ್ಯವನ್ನೂ ಹೊತ್ತು ಹಾರುವ ಫ್ರೆಂಚ್ ಬಾವುಟಗಳೇ, ನಾನು ನಿಮ್ಮನ್ನು ಹಾಡುವುದಿಲ್ಲ ಎನ್ನುತ್ತಾನೆ. ಕಾವ್ಯದೇವತೆ ಇನ್ನೂ ಮುಟ್ಟದ ಮೆತ್ತನೆಯ ವಸ್ತು ತನ್ನದು, ಬೆಳಗಿನ ಗಂಜಿ ಎನ್ನುತ್ತಾನೆ. ಮಹಾಕಾವ್ಯದ ಎಲ್ಲ ಠೀವಿಯನ್ನೂ ಬಟ್ಟಲು ಗಂಜಿಗೆ ಸಲ್ಲಿಸುವುದರಲ್ಲಿ ನಗುವೂ ಇದೆ, ನಿಜವಾದ ಪ್ರೀತಿಯೂ ಇದೆ. ಮೊದಲು ಈ ಗಂಜಿಯನ್ನು ಕಂಡುಹಿಡಿದವಳು ಅಮೆರಿಕದ ಮೂಲನಿವಾಸಿ ಹೆಂಗಸು, ಒಣಗಿದ ತೆನೆಯನ್ನು ಕಲ್ಲಿನಿಂದ ಕುಟ್ಟಿ ಬಿಸಿನೀರಿಗೆ ಹಾಕಿದವಳು ಎಂದು ಮೊದಲ ಗೌರವವನ್ನು ಆಕೆಗೆ ಕೊಡುತ್ತಾನೆ. ಪೆನ್ಸಿಲ್ವೇನಿಯಾದವರು ಇದನ್ನು ಮಷ್ ಎನ್ನುತ್ತಾರೆ, ಹಡ್ಸನ್ ನದಿಯ ಡಚ್ಚರು ಸಪಾನ್ ಎನ್ನುತ್ತಾರೆ, ಯುರೋಪಿನವರು ಪೊಲೆಂಟಾ ಎನ್ನುತ್ತಾರೆ, ನಿಜವಾದ ಹೆಸರು ನಮ್ಮೂರಿನದು ಮಾತ್ರ ಎಂದು ಜಗಳ ಕಾಯುತ್ತಾನೆ. ತನ್ನ ತಂದೆ ಬದುಕಿನುದ್ದಕ್ಕೂ ಇದನ್ನೇ ಉಂಡ, ಈ ಗಂಜಿಯ ಬಲದಿಂದಲೇ ಹತ್ತು ಮಂದಿ ಗಟ್ಟಿಮುಟ್ಟಾದ ಸ್ವತಂತ್ರರು ಬೆಳೆದರು, ನನ್ನ ಎಲುಬುಗಳೆಲ್ಲ ಜೋಳದಿಂದಲೇ ಆದವು ಎಂದು ಹೇಳುವ ಸಾಲುಗಳು ಬಂದಾಗ ನಗು ನಿಂತು ಗಂಟಲು ಕಟ್ಟುತ್ತದೆ.

ಮೂರನೆಯ ಭಾಗದಲ್ಲಿ ಹಾಲಿನ ಮಾತು ಬರುತ್ತದೆ, ಹಾಲಿನ ಜೊತೆಗೆ ಹಸು. ನನ್ನ ದೇವರನ್ನು ಬಿಡುವ ಸಂದರ್ಭ ಬಂದರೆ ನಿನ್ನನ್ನೇ ಪೂಜಿಸುತ್ತಿದ್ದೆ ಎಂದು ಒಬ್ಬ ಮಾಜಿ ಪಾದ್ರಿ ಹಸುವಿಗೆ ಹೇಳುತ್ತಾನೆ. ಅದೇ ಭಾಗದಲ್ಲಿ ಸುಗ್ಗಿಯ ರಾತ್ರಿ ನೆರೆಹೊರೆಯವರೆಲ್ಲ ಕೂತು ತೆನೆ ಸುಲಿಯುವ ಚಿತ್ರ ಬರುತ್ತದೆ. ಕೆಂಪು ತೆನೆ ಸಿಕ್ಕ ಹುಡುಗನಿಗೆ ಹುಡುಗಿಯರೆಲ್ಲರ ಮುತ್ತು. ಕಾಡಿಗೆ ರೋಗ ಹಿಡಿದ ತೆನೆ ಸಿಕ್ಕರೆ ಅದರ ಕಪ್ಪನ್ನು ಪಕ್ಕದವನ ಮುಖಕ್ಕೆ ಬಳಿಯುವ ಹಕ್ಕು. ಕೆಂಪು ತೆನೆ ಹುಡುಗಿಗೆ ಸಿಕ್ಕರೆ ಅವಳು ಗುಂಪನ್ನೆಲ್ಲ ಒಂದು ಸುತ್ತು ನೋಡಿ ತನಗಿಷ್ಟವಾದ ಒಬ್ಬನನ್ನು ಆರಿಸುತ್ತಾಳೆ. ಕೊನೆಯಲ್ಲಿ ಉಣ್ಣುವ ಕ್ರಮ: ಬಟ್ಟಲನ್ನು ಮೊಣಕಾಲ ಮೇಲಿಟ್ಟುಕೊಂಡು, ತಲೆಯನ್ನು ಅದರ ನೇರಕ್ಕೆ ಬಾಗಿಸಿ, ಚಮಚವನ್ನು ಬಾವಿಯಿಂದ ಕೊಡ ಸೇದುವ ಹಾಗೆ ಎತ್ತು, ಹನಿ ಬಿದ್ದರೆ ಬೀಳಲಿ, ಕೆಳಗೆ ಬಟ್ಟಲಿದೆ. ಅಲ್ಲಿಗೆ ಕವಿತೆ ಮುಗಿಯುತ್ತದೆ.

ಇದು ಬರೆದ ತಿಂಗಳನ್ನು ಮತ್ತೆ ನೋಡಿ. 1793ರ ಜನವರಿ 21ರಂದು ಪ್ಯಾರಿಸ್ಸಿನಲ್ಲಿ ಹದಿನಾರನೆಯ ಲೂಯಿಯ ತಲೆ ಕಡಿದರು. ಐದೂವರೆ ವರ್ಷಗಳ ಹಿಂದೆ ತನ್ನ ಮಹಾಕಾವ್ಯವನ್ನು ಯಾರಿಗೆ ಅರ್ಪಿಸಿದ್ದನೋ ಅವನ ತಲೆ ಉರುಳಿದ ತಿಂಗಳಿನಲ್ಲಿ ಬಾರ್ಲೋ ಅಪ್ಪನ ಮನೆಯ ಗಂಜಿಯನ್ನು ನೆನೆಯುತ್ತಿದ್ದ.

ಅಲ್ಜೀರ್ಸ್ ಪ್ರಸಂಗಕ್ಕೆ ಬರೋಣ. ಸ್ವಾತಂತ್ರ್ಯ ಬಂದ ಮೇಲೆ ಅಮೆರಿಕದ ವ್ಯಾಪಾರಿ ಹಡಗುಗಳಿಗೆ ಬ್ರಿಟಿಷ್ ನೌಕಾಪಡೆಯ ರಕ್ಷಣೆ ತಪ್ಪಿತು. 1785ರಲ್ಲಿ ಉತ್ತರ ಆಫ್ರಿಕಾದ ಕಡಲತೀರದ ಅಲ್ಜೀರ್ಸ್‌ನವರು ಎರಡು ಹಡಗುಗಳನ್ನು ಹಿಡಿದು 21 ಜನರನ್ನು ಗುಲಾಮರನ್ನಾಗಿ ಮಾಡಿದರು. 1793ರಲ್ಲಿ ಮತ್ತೆ 11 ಹಡಗು ಸಿಕ್ಕಿಬಿದ್ದವು, ನೂರಕ್ಕೂ ಹೆಚ್ಚು ಜನ ಸೆರೆಯಾದರು. 1795ರ ಸೆಪ್ಟೆಂಬರ್‌ನಲ್ಲಿ ಜೋಸೆಫ್ ಡೊನಾಲ್ಡ್‌ಸನ್ ಎಂಬ ಅಮೆರಿಕದ ಪ್ರತಿನಿಧಿ ಅಲ್ಲಿನ ಆಡಳಿತಗಾರ ಹಸನ್ ಪಾಷಾನೊಂದಿಗೆ ಒಪ್ಪಂದ ಮಾಡಿಕೊಂಡಿದ್ದ. ಹಸನ್ ಪಾಷಾನಿಗೆ 'ದೇ' ಎಂಬ ಪದವಿ. ಆದರೆ ಒಪ್ಪಿಕೊಂಡ ಹಣ ಬರಲೇ ಇಲ್ಲ. 1796ರ ಮಾರ್ಚ್‌ನಲ್ಲಿ ಬಾರ್ಲೋ ಅಲ್ಲಿಗೆ ತಲುಪಿದಾಗ ದೇ ಕೆಂಡವಾಗಿದ್ದ. ಎಂಟು ದಿನದಲ್ಲಿ ಊರು ಬಿಡು, ತಿಂಗಳೊಳಗೆ ಹಣ ಬಾರದಿದ್ದರೆ ಯುದ್ಧ ಎಂದು ಗಡುವು ಕೊಟ್ಟ. ಸೆರೆಯಾಳುಗಳ ಪಾಲಿಗೆ ಅದು ಮರಣಶಾಸನದಂತೆಯೇ.

ಬಾರ್ಲೋನ ಕೈಯಲ್ಲಿ ಹಣವಿಲ್ಲ, ಅಧಿಕಾರವಿಲ್ಲ, ಅಂದಿನ ರಾಜಧಾನಿ ಫಿಲಡೆಲ್ಫಿಯಾಕ್ಕೆ ಪತ್ರ ಬರೆದು ಉತ್ತರ ಪಡೆಯಲು ಸಮಯವೂ ಇಲ್ಲ. ಆಗ ಅವನು ಮಾಡಿದ್ದು ಇಷ್ಟು: ಮೂರು ತಿಂಗಳು ಕಾಲಾವಕಾಶ ಕೊಟ್ಟರೆ ದೇಯ ಮಗಳಿಗೆ ಒಂದು ಯುದ್ಧನೌಕೆಯನ್ನೇ ಉಡುಗೊರೆಯಾಗಿ ಕೊಡುತ್ತೇವೆ ಎಂದು ಮಾತು ಕೊಟ್ಟ. ಯಾರನ್ನೂ ಕೇಳದೆ! 20 ಫಿರಂಗಿಗಳ ಹಡಗು ಎಂದು ಆರಂಭವಾದ ಮಾತು 36 ಫಿರಂಗಿಗಳಿಗೆ ಏರಿತು. ನಂತರ ಬಕ್ರಿ ಎಂಬ ಯಹೂದಿ ಲೇವಾದೇವಿದಾರನ ಸಾಲದ ಬಲದಿಂದ ಬಿಡುಗಡೆಯ ಹಣ ಹೊಂದಿಸಿದ. ಹೆಣ್ಣುಮಗಳೊಬ್ಬಳಿಗೆ ಉಡುಗೊರೆಯಾಗಿ ಯುದ್ಧನೌಕೆ ಕೊಡುವ ಈ ವಾಗ್ದಾನವನ್ನು ಅಮೆರಿಕ ಉಳಿಸಿಕೊಂಡಿತು. 'ಕ್ರೆಸೆಂಟ್' ಎಂಬ ಆ ನೌಕೆ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಕಟ್ಟಲ್ಪಟ್ಟು 1798ರಲ್ಲಿ ಅಲ್ಜೀರ್ಸ್ ಸೇರಿತು. ಒಟ್ಟು ವೆಚ್ಚ ಹತ್ತು ಲಕ್ಷ ಡಾಲರಿಗೆ ಹತ್ತಿರ ಹೋಯಿತು. ಹೀಗೆ ಕಪ್ಪ ಕೊಟ್ಟು ಶಾಂತಿ ಕೊಳ್ಳುವುದು ಸರಿಯೇ ಎಂದು ಅಂದೂ ಜಗಳವಿತ್ತು, ಇಂದೂ ಇದೆ. ನಾನು ಆ ಸೆರೆಯಾಳುಗಳ ಕಡೆಯಿಂದ ನೋಡುತ್ತೇನೆ. ಅವರಲ್ಲಿ ಕೆಲವರು ಹನ್ನೊಂದು ವರ್ಷ ಸರಪಳಿ ಹೊತ್ತಿದ್ದರು.

ಆ ಬೇಸಿಗೆಯಲ್ಲಿ ಊರಿಗೆ ಪ್ಲೇಗ್ ಬಂತು. ಸೆರೆಯಾಳುಗಳು ಸಾಯತೊಡಗಿದರು. ಬಾರ್ಲೋ ಹೊರಟುಹೋಗಬಹುದಿತ್ತು, ಹೋಗಲಿಲ್ಲ. 1796ರ ಜುಲೈ 8ರಂದು ಅವನು ರೂತ್‌ಗೆ ಬರೆದ ಪತ್ರವನ್ನು ದಯವಿಟ್ಟು ಹುಡುಕಿ ಓದಿ. ಅದು ಉಯಿಲಿನಂಥ ವಿದಾಯದ ಪತ್ರ. ತಾನಿಲ್ಲಿ ಉಳಿದದ್ದು ಈ ನತದೃಷ್ಟರಿಗಾಗಿ, ತಾನು ಹೋದರೆ ಇವರನ್ನು ಕೇಳುವವರಿಲ್ಲ ಎಂದು ಹೆಂಡತಿಗೆ ಸಮಜಾಯಿಷಿ ಕೊಡುತ್ತಾನೆ. ಪ್ರಾಸವಿಲ್ಲ, ಅಲಂಕಾರವಿಲ್ಲ. ಅವನ ಯಾವ ಮಹಾಕಾವ್ಯದಲ್ಲೂ ಇಲ್ಲದ ಬಿಗಿ ಆ ಪತ್ರದಲ್ಲಿದೆ. ಅದೇ ತಿಂಗಳು, ಬದುಕುಳಿದಿದ್ದ ಎಂಬತ್ತಕ್ಕೂ ಹೆಚ್ಚು ಜನರನ್ನು ಹಡಗು ಹತ್ತಿಸಿದ. ತಾನು ಮಾತ್ರ ಮುಂದಿನ ವರ್ಷದವರೆಗೆ ಅಲ್ಲಿಯೇ ಉಳಿದ, ಅದೇ ತೀರದ ಟ್ರಿಪೊಲಿ ಮತ್ತು ಟ್ಯೂನಿಸ್‌ಗಳ ಜೊತೆಗಿನ ಒಪ್ಪಂದಗಳು ಬಾಕಿ ಇದ್ದವು.

ನೀವು ಕೇಳಿದ ವಾಕ್ಯ ಬರುವುದು ಟ್ರಿಪೊಲಿ ಒಪ್ಪಂದದಲ್ಲಿ. ಟ್ರಿಪೊಲಿಗೆ ಹೋಗಿ ಮಾತುಕತೆ ನಡೆಸಿದವನು ರಿಚರ್ಡ್ ಓಬ್ರಿಯನ್. 1785ರಲ್ಲಿ ಸೆರೆಯಾದ ಹಡಗೊಂದರ ಕಪ್ತಾನ, ಆಗಷ್ಟೇ ಬಿಡುಗಡೆಯಾದವನು. 1796ರ ನವೆಂಬರ್ 4ರಂದು ಅಲ್ಲಿ ಸಹಿಯಾದ ಒಪ್ಪಂದಕ್ಕೆ 1797ರ ಜನವರಿಯಲ್ಲಿ ಅಲ್ಜೀರ್ಸ್‌ನಲ್ಲಿ ಬಾರ್ಲೋ ಸಹಿ ಹಾಕಿ ಇಂಗ್ಲಿಷ್ ಅನುವಾದವನ್ನು ಕಳಿಸಿಕೊಟ್ಟ. ಅದರ 11ನೆಯ ವಿಧಿ ಹೇಳುವುದು: ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ಕಾರ ಯಾವ ಅರ್ಥದಲ್ಲಿಯೂ ಕ್ರೈಸ್ತ ಧರ್ಮದ ಮೇಲೆ ಸ್ಥಾಪಿತವಾದದ್ದಲ್ಲ, ಮುಸಲ್ಮಾನರ ಕಾನೂನು, ಧರ್ಮ, ನೆಮ್ಮದಿಗಳ ಬಗ್ಗೆ ಅದಕ್ಕೆ ಹಗೆತನವಿಲ್ಲ, ಆದ್ದರಿಂದ ಧಾರ್ಮಿಕ ಅಭಿಪ್ರಾಯದ ನೆಪದಿಂದ ಎರಡು ದೇಶಗಳ ಸಾಮರಸ್ಯ ಕೆಡಬಾರದು. ಸೆನೆಟ್ 1797ರ ಜೂನ್ 7ರಂದು ಇದನ್ನು ಸರ್ವಾನುಮತದಿಂದ ಒಪ್ಪಿತು. ಅಧ್ಯಕ್ಷ ಜಾನ್ ಆಡಮ್ಸ್ ಸಹಿ ಹಾಕಿದ. ಪತ್ರಿಕೆಗಳಲ್ಲಿಯೂ ಅಚ್ಚಾಯಿತು.

ತೊಡಕು ಇರುವುದು ಇಲ್ಲಿ. 1930ರಲ್ಲಿ ಡಚ್ ವಿದ್ವಾಂಸ ಸ್ನೂಕ್ ಹುರ್ಗ್ರೋನ್ಯೆ ಅರಬ್ಬಿ ಮೂಲವನ್ನು ಪರಿಶೀಲಿಸಿದಾಗ ಅದರಲ್ಲಿ 11ನೆಯ ವಿಧಿಯೇ ಇರಲಿಲ್ಲ. ಆ ಜಾಗದಲ್ಲಿ ಅಲ್ಜೀರ್ಸ್‌ನ ದೇ ಟ್ರಿಪೊಲಿಯ ಪಾಷಾನಿಗೆ ಬರೆದ ಪತ್ರವಿತ್ತು. ಹಾಗಾದರೆ ಆ ವಾಕ್ಯ ಬಂದದ್ದು ಬಾರ್ಲೋನ ಲೇಖನಿಯಿಂದಲೇ? ಅವನ ಧಾರ್ಮಿಕ ನಿಲುವು, ಗದ್ಯದ ಧಾಟಿ ಎರಡೂ ಅತ್ತಲೇ ಬೊಟ್ಟು ಮಾಡುತ್ತವೆ, ಬಹುಪಾಲು ವಿದ್ವಾಂಸರು ಹಾಗೆಯೇ ಎಣಿಸುತ್ತಾರೆ. ನಾನೂ ಅದೇ ಪಕ್ಷ. ಆದರೆ ಪರೀಕ್ಷೆಯಲ್ಲಿ 'ಬಾರ್ಲೋ ಬರೆದ' ಎಂದು ಸಾಕ್ಷಿ ಸಿಕ್ಕಂತೆ ಬರೆಯಬೇಡಿ, 'ಬಾರ್ಲೋ ದೃಢೀಕರಿಸಿ ಕಳಿಸಿದ ಇಂಗ್ಲಿಷ್ ಪಾಠದಲ್ಲಿದೆ' ಎಂದು ಬರೆಯಿರಿ. ಸೆನೆಟ್ ಓದಿ ಒಪ್ಪಿದ್ದು ಆ ಇಂಗ್ಲಿಷ್ ಪಾಠವನ್ನೇ ಎಂಬುದನ್ನೂ ಸೇರಿಸಿ. ಟ್ರಿಪೊಲಿಯೊಂದಿಗೆ ಯುದ್ಧವಾಗಿ 1805ರಲ್ಲಿ ಹೊಸ ಒಪ್ಪಂದವಾದಾಗ ಆ ಮಾತನ್ನು ಬಿಟ್ಟುಬಿಟ್ಟರು.

ನಂತರದ ವರ್ಷಗಳನ್ನು ಬೇಗ ದಾಟುತ್ತೇನೆ. ಪ್ಯಾರಿಸ್ಸಿಗೆ ಮರಳಿದ ದಂಪತಿಗಳ ಮನೆಯಲ್ಲಿ ರಾಬರ್ಟ್ ಫುಲ್ಟನ್ ಎಂಬ ತರುಣ ಏಳು ವರ್ಷ ಮಗನಂತೆ ಬಾಳಿದ. ಜಲಾಂತರ್ಗಾಮಿಯನ್ನು ಪ್ರಯೋಗಿಸಿದ, 1803ರಲ್ಲಿ ಸೇನ್ ನದಿಯಲ್ಲಿ ಉಗಿದೋಣಿ ಓಡಿಸಿದ ಅದೇ ಫುಲ್ಟನ್. ಬಾರ್ಲೋ ತನ್ನ ಮೈದುನನಿಗೆ ಬರೆದ ಖಾಸಗಿ ಪತ್ರವೊಂದನ್ನು ಮ್ಯಾಥ್ಯೂ ಲಯನ್ ಎಂಬ ಕಾಂಗ್ರೆಸ್ ಸದಸ್ಯ ಪ್ರಚಾರ ಮಾಡಿದ. 1798ರ ರಾಜದ್ರೋಹ ಕಾಯಿದೆಯಡಿ ಲಯನ್‌ನನ್ನು ಜೈಲಿಗೆ ಹಾಕಿದಾಗ ಆರೋಪಗಳಲ್ಲಿ ಅದೂ ಒಂದಾಗಿತ್ತು. ಹದಿನೇಳು ವರ್ಷ ಯುರೋಪಿನಲ್ಲಿದ್ದು ಊರಿಗೆ ಮರಳಿದ ಬಾರ್ಲೋ ವಾಷಿಂಗ್ಟನ್‌ನಲ್ಲಿ ಕಲೋರಮಾ ಎಂಬ ಮನೆ ಮಾಡಿಕೊಂಡು, ಹಳೆಯ ಕಾವ್ಯವನ್ನು ಹಿಗ್ಗಿಸಿ, 1807ರಲ್ಲಿ 'ಕೊಲಂಬಿಯಡ್' ಎಂದು ಪ್ರಕಟಿಸಿದ. ಹತ್ತು ಸರ್ಗ, ದುಬಾರಿ ಚಿತ್ರಗಳು, ಬೆಲೆ 20 ಡಾಲರ್. ಈ ಸಲ ಅರ್ಪಣೆ ದೊರೆಗಲ್ಲ, ಫುಲ್ಟನ್‌ಗೆ. ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಯಾರ್ಕ್‌ಟೌನ್‌ನಲ್ಲಿ ಶರಣಾಗುವ ಪ್ರಸಂಗವೂ ಅದರಲ್ಲಿದೆ. 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಕಾರ್ನ್‌ವಾಲಿಸ್‌ನೇ ಅವನು. ಎರಡೆರಡು ಸಾಲಿನ ಪ್ರಾಸ ಸಾವಿರಾರು ಸಾಲು ಒಂದೇ ತಾಳದಲ್ಲಿ ಸಾಗುವುದರಿಂದ ಪುಸ್ತಕ ಓದುಗರನ್ನು ದಣಿಸುತ್ತದೆ. ಅಂದಿನ ವಿಮರ್ಶಕರೂ ಅದನ್ನೇ ಹೇಳಿದರು.

1811ರಲ್ಲಿ ಅಧ್ಯಕ್ಷ ಮ್ಯಾಡಿಸನ್ ಅವನನ್ನು ಫ್ರಾನ್ಸಿಗೆ ರಾಯಭಾರಿಯಾಗಿ ಕಳಿಸಿದ. ನೆಪೋಲಿಯನ್ನನ ಶಾಸನಗಳಿಂದ ಅಮೆರಿಕದ ಹಡಗುಗಳು ಜಪ್ತಿಯಾಗುತ್ತಿದ್ದವು. ಪರಿಹಾರ ಮತ್ತು ವ್ಯಾಪಾರ ಒಪ್ಪಂದ ಬೇಕಿತ್ತು. ವಿದೇಶಾಂಗ ಮಂತ್ರಿ ಬಸಾನೋ ಒಂದು ವರ್ಷ ಇಂದು ನಾಳೆ ಎಂದು ಅಲೆಸಿದ. ಕೊನೆಗೆ 1812ರ ಅಕ್ಟೋಬರ್‌ನಲ್ಲಿ, ವಿಲ್ನಾಕ್ಕೆ ಬಾ, ಅಲ್ಲಿ ಮುಗಿಸೋಣ ಎಂದು ಕರೆಬಂತು. ಇಂದಿನ ಲಿಥುವೇನಿಯಾದ ವಿಲ್ನಿಯಸ್. ಐವತ್ತೆಂಟು ವರ್ಷದ ಬಾರ್ಲೋ ಸೋದರನ ಮಗ ಥಾಮಸ್‌ನನ್ನು ಕರೆದುಕೊಂಡು ಕುದುರೆಗಾಡಿಯಲ್ಲಿ ಹೊರಟ. ರೂತ್ ಪ್ಯಾರಿಸ್ಸಿನಲ್ಲಿ ಉಳಿದಳು. ನವೆಂಬರ್‌ನಲ್ಲಿ ಅವನು ವಿಲ್ನಾ ಸೇರಿದಾಗ ಮಾಸ್ಕೋದಿಂದ ಹಿಮ್ಮೆಟ್ಟುತ್ತಿದ್ದ ನೆಪೋಲಿಯನ್ನನ ಸೇನೆ ಹಿಮದಲ್ಲಿ ಹೆಪ್ಪುಗಟ್ಟಿ ಸಾಯುತ್ತಿತ್ತು. ಸಹಿಯ ಮಾತೇ ಉಳಿಯಲಿಲ್ಲ. ಡಿಸೆಂಬರ್ 5ರಂದು ನೆಪೋಲಿಯನ್ ತನ್ನ ಸೈನ್ಯವನ್ನು ಬಿಟ್ಟು ಪ್ಯಾರಿಸ್ಸಿನ ಕಡೆ ಓಡಿದ. ಬಾರ್ಲೋ ಅವನನ್ನು ಕಾಣಲೇ ಇಲ್ಲ.

ಆ ದಿನಗಳಲ್ಲಿ ಬರೆದದ್ದು 'ರಷ್ಯಾದ ಕಾಡುಕಾಗೆಗೆ ಸಲಹೆ'. ಮೂರ್ಖ ಕಪ್ಪು ಹಕ್ಕಿಯೇ, ಈ ಚಳಿಯಲ್ಲಿ ಇಲ್ಲೇಕೆ ಕೂತಿದ್ದೀಯ ಎಂದು ಅದು ಆರಂಭವಾಗುತ್ತದೆ. ಇಲ್ಲಿ ಬಿದ್ದಿರುವವು ಮನುಷ್ಯರ ಆಕಾರದ ಮಂಜಿನ ದಿಮ್ಮಿಗಳು, ಇವು ಕೊಳೆಯುವುದಿಲ್ಲ, ಇವುಗಳ ಎದೆಯಿಂದ ಒಂದು ಎಳೆಯನ್ನೂ ನೀನು ಕೀಳಲಾರೆ, ಬೆಚ್ಚಗಿನ ದಕ್ಷಿಣಕ್ಕೆ ಹೋಗು, ನೆಪೋಲಿಯನ್ ಸ್ಪೇನಿನಲ್ಲಿಯೂ ನಿನಗೆ ಊಟ ಬಡಿಸಿದ್ದಾನೆ, ಅವನ ಯುದ್ಧ ಹಾರಿದಷ್ಟು ದೂರ ಯಾವ ಕಾಗೆಯ ರೆಕ್ಕೆಯೂ ಹಾರಲಾರದು ಎನ್ನುತ್ತಾನೆ. 'ಕೊಲಂಬಿಯಡ್'ನಲ್ಲಿ ಜೋಗುಳದಂತಿದ್ದ ಅದೇ ದ್ವಿಪದಿ ಇಲ್ಲಿ ಬಾರುಕೋಲಾಗಿದೆ. ಕ್ರಾಂತಿಯನ್ನು ನಂಬಿ ಇಪ್ಪತ್ತು ವರ್ಷ ಬದುಕಿದವನು, ಆ ಕ್ರಾಂತಿ ಒಬ್ಬ ಚಕ್ರವರ್ತಿಯ ಕೈಗೆ ಹೋಗಿ ಏನಾಯಿತು ಎಂದು ಕಣ್ಣಾರೆ ಕಂಡು ಬರೆದ ಸಾಲುಗಳು ಇವು. ಈ ಕವಿತೆ ಅವನ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ.

ವಾರ್ಸಾ ದಾಟಿ, ಕ್ರಾಕೋವ್ ಕಡೆಯಿಂದ ಸುತ್ತಿ ಪ್ಯಾರಿಸ್ಸಿಗೆ ಮರಳುವ ದಾರಿಯಲ್ಲಿ ನ್ಯುಮೋನಿಯಾ ಹಿಡಿಯಿತು. ಝರ್ನೋವ್ಯೆಟ್ಸ್ ಎಂಬ ಪೋಲೆಂಡಿನ ಹಳ್ಳಿಯಲ್ಲಿ, 1812ರ ಡಿಸೆಂಬರ್‌ನ ಕೊನೆಯ ವಾರ ತೀರಿಕೊಂಡ. ಸಮಾಧಿ ಅಲ್ಲಿಯೇ ಇದೆ. ರೂತ್ ಅಮೆರಿಕಕ್ಕೆ ಮರಳಿ, 1818ರಲ್ಲಿ ಕಲೋರಮಾದಲ್ಲಿ ಕೊನೆಯುಸಿರೆಳೆದಳು.

ಏನು ಓದಬೇಕು ಎಂದಿರಿ. ಮೊದಲು 'ಹೇಸ್ಟಿ ಪುಡಿಂಗ್' ಅನ್ನು ಗಟ್ಟಿಯಾಗಿ, ಸಾಧ್ಯವಾದರೆ ಗೆಳತಿಯರೊಡನೆ ಓದಿ. ಆಮೇಲೆ ಒಂದು ದಿನ ಬಿಟ್ಟು, ಒಬ್ಬರೇ ಕೂತು ಕಾಡುಕಾಗೆಯ ಕವಿತೆ ಓದಿ. 'ಕೊಲಂಬಿಯಡ್' ಪೂರ್ತಿ ಬೇಡ, ಎಂಟನೆಯ ಸರ್ಗವನ್ನು ಮಾತ್ರ ಬಿಡಬೇಡಿ. ಅಲ್ಲಿ ಆಫ್ರಿಕಾದ ಕಾವಲು ದೈವವಾದ ಅಟ್ಲಾಸ್ ಎದ್ದು ನಿಂತು, ಸ್ವಾತಂತ್ರ್ಯದ ಹಾಡು ಹಾಡುವ ನಿನ್ನ ಮಕ್ಕಳು ನನ್ನ ಮಕ್ಕಳನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದಾರಲ್ಲ ಎಂದು ಅಮೆರಿಕವನ್ನು ಕೇಳುತ್ತಾನೆ. ಅಲ್ಜೀರ್ಸ್‌ನಲ್ಲಿ ಬಿಳಿಯ ನಾವಿಕರ ಕಾಲಿನ ಸರಪಳಿಯನ್ನು ಹತ್ತಿರದಿಂದ ನೋಡಿ ಬಂದವನು ಆ ಪ್ರಶ್ನೆಯನ್ನು ಬರೆದಿದ್ದಾನೆ ಎಂಬುದನ್ನು ನೆನೆದು ಓದಿ.